ಒಂದು ಸಲವೂ ನಿಲ್ಲಬಾರದ ಕಾರು

ನಮ್ಮ ಹಾಸನದಲ್ಲಿ ಗಾಡಿಯ ವಿಷಯ ಗೊತ್ತಿಲ್ಲದ ಗಂಡಸು ಇನ್ನೂ ಹುಟ್ಟಿಲ್ಲ. ಸೈಕಲ್ಲಿನ ಚೈನು ಕಳಚಿದರೆ ಹಾಕಿಕೊಳ್ಳಲು ಬಾರದವನೂ ಇಂಜಿನ್ನಿನ ಸದ್ದು ಕೇಳಿದೊಡನೆ ತಲೆ ಓರೆ ಮಾಡಿ ಕಣ್ಣು ಮುಚ್ಚಿ, "ಟ್ಯಾಪೆಟ್ ಒಡ್ಕತಾ ಅದೆ" ಎನ್ನುತ್ತಾನೆ. ಒಂದು ಲಕ್ಷದ ಎಪ್ಪತ್ತೆರಡು ಸಾವಿರ ಕಿಲೋಮೀಟರು ಓಡಿದ್ದ ಹೈಬ್ರಿಡ್ ಕಾರನ್ನು ಕೊಂಡು ನಾನು ಮನೆ ಮುಂದೆ ತಂದು ನಿಲ್ಲಿಸಿದ ದಿನ ನಮ್ಮ ಬೀದಿಯ ಅಂಥ ಪಂಡಿತರೆಲ್ಲ ನೋಡಲು ಬಂದರು. ಕಾರು ಆಗಲೇ ಸ್ಟಾರ್ಟ್ ಆಗಿತ್ತು. ಬ್ಯಾಟರಿಯ ಮೇಲಿದ್ದುದರಿಂದ ಸದ್ದಿರಲಿಲ್ಲ, ಅಷ್ಟೆ. ಒಬ್ಬರು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಮಗುವಿನ ಜ್ವರ ನೋಡಿದಂತೆ ನೋಡಿ, "ಮೊದ್ಲು ಸ್ಟಾರ್ಟ್ ಮಾಡಿ ಮೇಡಂ, ಆಮ್ಯಾಕೆ ಎಂಗದೆ ಅಂತ ಏಳ್ತೀನಿ" ಅಂದರು. ಅವರಿಗೆ ಕಾಫಿ ಕೊಟ್ಟು ಕಳಿಸಿದೆ. ಕಾರು ಸ್ಟಾರ್ಟ್ ಆಗಿದೆ ಎಂದು ಕೊನೆಯವರೆಗೂ ಹೇಳಲಿಲ್ಲ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ನಿವೃತ್ತಿಯಾದ ಮೇಲೆ ಎರಡು ಖಾಸಗಿ ಕಾಲೇಜಿನವರು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡಿ ಎಂದು ಕರೆದರು. ಸೋಮವಾರದಿಂದ ಬುಧವಾರ ಹೊಳೆನರಸೀಪುರ, ಗುರುವಾರ ಶುಕ್ರವಾರ ಅರಕಲಗೂಡು. ಬಸ್ಸಿದೆ, ಇಲ್ಲ ಅನ್ನುವುದಿಲ್ಲ. ಹೆಂಗಸರಿಗೆ ಟಿಕೇಟು ಬೇಡವೆಂದ ಮೇಲೆ ಅದರಲ್ಲಿ ಕಾಲಿಡಲು ಜಾಗವಿಲ್ಲ, ನನ್ನ ಮಂಡಿ ಬಸ್ಸಿನ ಮೆಟ್ಟಿಲಿಗೆ ಒಪ್ಪುವುದೂ ಇಲ್ಲ. ಕೇಳಿದವರಿಗೆಲ್ಲ ಇದನ್ನೇ ಹೇಳುತ್ತಿದ್ದೆ. ನಿಜವಾದ ಕಾರಣ ಬೇರೆ ಇತ್ತು.

ಮದುವೆಯಾದಂದಿನಿಂದ ನಾನು ಎಲ್ಲಿಗೆ ಹೊರಟರೂ ಮನೆಯ ಗಂಡಸರಲ್ಲಿ ಒಬ್ಬರು "ಡ್ರಾಪ್ ಮಾಡ್ತೀನಿ ಇರು" ಎನ್ನುತ್ತಿದ್ದರು. ಇರು ಅಂದರೆ ಸೀರೆ ಉಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು, ಗೇಟಿನ ಬಳಿ ನಿಂತು, ಅವರು ಪೇಪರು ಓದಿ ಮುಗಿಸುವವರೆಗೆ ಕಾಯುವುದು. ಮೂವತ್ತು ವರ್ಷ ನನ್ನ ಶಾಲೆಯ ಮೊದಲ ಗಂಟೆಯನ್ನು ಹೊಡೆಸಿದ್ದು ಹೆಡ್‌ಮಾಸ್ತರಲ್ಲ, ನನ್ನ ಗಂಡನ ಸ್ನಾನ. ಡ್ರೈವಿಂಗ್ ಕಲಿತದ್ದು ಐವತ್ತಾರನೇ ವಯಸ್ಸಿನಲ್ಲಿ, ಯಾರಿಗೂ ಹೇಳದೆ. ಕಾರು ನನ್ನದಾದ ಮೇಲೆ ಗೇಟಿನ ಬಳಿ ಒಂದು ದಿನವೂ ನಿಂತವಳಲ್ಲ. ಈ ಕಾರು ಹೋದರೆ ಮತ್ತೆ ಅಲ್ಲೇ ಹೋಗಿ ನಿಲ್ಲಬೇಕು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ನನ್ನ ಗಂಡನಿಗೆ ಹಾಸನದಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಅವರ ಮನೆತನ ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯ ಕಡೆಯದು, ಜಮೀನಿಗೆ ಕೊರತೆಯಿಲ್ಲದವರು. ಜಮೀನು ನೋಡಿಕೊಳ್ಳುತ್ತಿರುವವರು ಅವರ ಅಣ್ಣ, ನನ್ನ ಭಾವ. ಭಾವನ ಬಳಿ ಒಂದು ಹಳೇ ಜೀಪಿದೆ. ಆ ಜೀಪಿನ ಬಲದಿಂದಲೇ ಅವರು ಭೂಮಿಯ ಮೇಲಿನ ಎಲ್ಲ ವಾಹನಗಳ ಬಗ್ಗೆ ತೀರ್ಪು ಕೊಡುತ್ತಾರೆ. ಕಾರು ತಗೊಂಡ ಮೊದಲ ಭಾನುವಾರ ಅಲ್ಲಿಗೇ ಓಡಿಸಿಕೊಂಡು ಹೋದೆ. ಭಾವ ಜಗಲಿಯಿಂದ ಇಳಿಯದೆಯೇ ನೋಡಿದರು.

"ಬ್ಯಾಟ್ರಿ ಗಾಡಿ. ಇದ್ನ ಓಡ್ಸಿ ಓಡ್ಸಿ ತೇದ್ಬುಟ್ಟು ನಿನ್ ತಲೆಗೆ ಕಟ್ಟವ್ರೆ ಮೇಷ್ಟ್ರಮ್ಮಾ," ಎಂದರು. ಆಮೇಲೆ ತಮ್ಮನ ಕಡೆ ತಿರುಗಿ, "ಲೇ, ಎಂಗಸು ದಾರೀಲಿ ಒಬ್ಳೇ ನಿಂತ್ಕಂಡ್ರೆ ಏನ್ಲಾ ಮಾಡ್ತೀಯ?" ಎಂದರು.

ನನ್ನ ಗಂಡ ಸ್ವಲ್ಪ ಯೋಚಿಸಿ, ಅಣ್ಣನ ಮುಂದೆಯೇ ಒಂದು ಕರಾರು ಹಾಕಿದರು. "ಒಂದ್ಸಲ ದಾರೀಲಿ ಕೆಟ್ಟು ನಿಂತ್ರೆ ಮಾರ್ಬುಡ್ಬೇಕು ಕಣೇ. ಎರಡ್ನೇ ಸಲ ಇಲ್ಲ."

"ಆಯ್ತು," ಅಂದೆ. ಇಬ್ಬರು ಗಂಡಸರೂ ನನ್ನನ್ನು ಗೆದ್ದವರಂತೆ ಕಾಫಿ ಕುಡಿದರು. ಭಾವನ ಮನೆಯಲ್ಲಿ ಆಡಿದ ಮಾತಿಗೆ ಕೋರ್ಟಿನ ಕಾಗದಕ್ಕಿಂತ ಹೆಚ್ಚು ಬೆಲೆ. ನನಗಂತೂ ಆಡಿದ ಮಾತು ತಪ್ಪುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದು ಸುಲಭ.

ಅಂದಿನಿಂದ ನನ್ನ ಕೆಲಸವೆಲ್ಲ ಕೆಡುವ ಮುಂಚೆ ನೋಡುವುದು. ಕೆಟ್ಟ ಮೇಲೆ ರಿಪೇರಿ ಮಾಡಿಸಲು ಯಾರಿಗಾದರೂ ಬರುತ್ತದೆ, ಅದಕ್ಕೆ ಬುದ್ಧಿ ಬೇಕಿಲ್ಲ. ನಮ್ಮ ಕಡೆಯವರಿಗೆ ಕೆಡುವ ಮುಂಚೆ ನೋಡುವುದೆಂದರೆ ಗಾಡಿಯನ್ನು ನಾಲ್ಕು ನಿಂಬೆಹಣ್ಣಿನ ಮೇಲೆ ಹತ್ತಿಸುವುದು, ಆಯುಧಪೂಜೆಗೆ ಒಂದು ಬೂದುಗುಂಬಳಕಾಯಿ ಒಡೆಯುವುದು. ನಾನು ಕಾರಿನ ಪುಸ್ತಕವನ್ನು ಎರಡು ಸಲ ಓದಿದೆ. ಯಾವುದನ್ನು ಎಷ್ಟು ಕಿಲೋಮೀಟರಿಗೆ ನೋಡಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲ ಒಳಗಡೆ ಅಂಟಿಸಿದೆ.

ಆ ಹಾಳೆ ಹಿಡಿದುಕೊಂಡು ಗ್ಯಾರೇಜು ಹುಡುಕಲು ಹೊರಟರೆ, ಮೊದಲನೆಯವನು ಪುಸ್ತಕದಲ್ಲಿ ಹೇಳಿದ ಆಯಿಲನ್ನು ಬೆರಳಿಗೆ ಹಚ್ಚಿ ಉಜ್ಜಿ ನೋಡಿ, "ಇದೇನ್ ಮೇಡಂ, ನೀರ್ ಇದ್ದಂಗದೆ. ಗಟ್ಟಿ ಆಯಿಲ್ ಆಕಿದ್ರೇ ಇಂಜಿನ್ಗೆ ಸಗ್ತಿ" ಅಂದ. ಮುದ್ದೆ ತಿಂದರೆ ಶಕ್ತಿ ಎನ್ನುವ ತತ್ತ್ವವನ್ನು ಅವನು ಕಾರಿಗೂ ಹೊಂದಿಸಿದ್ದ. ಎರಡನೆಯವನು ಬಾನೆಟ್ ಎತ್ತಿ, ದಪ್ಪನೆಯ ಕಿತ್ತಳೆ ಬಣ್ಣದ ವೈರುಗಳ ಮೇಲೆ ಪೈಪಿನಿಂದ ನೀರು ಹೊಡೆಯಲು ಬಂದ. ಆ ವೈರುಗಳಲ್ಲಿ ಆಳನ್ನು ಸುಡುವಷ್ಟು ಕರೆಂಟು ಹರಿಯುತ್ತದೆ ಎಂದರೆ, "ಎಲ್ಲಾ ಗಾಡಿಗೂ ಇಂಗೇ ಒಡಿಯೋದು, ಏನೂ ಆಗಿಲ್ಲ" ಎಂದ. ಏನೂ ಆಗಿಲ್ಲ ಎನ್ನುವುದು ಈ ಜಿಲ್ಲೆಯ ಮೆಕ್ಯಾನಿಕ್‌ಗಳ ಇಡೀ ವಿಜ್ಞಾನ. ಅವರ ಕೈಲಿ ಏನಾದರೂ ಆದವರು ಮತ್ತೆ ಬಂದು ಹೇಳುವುದಿಲ್ಲವಲ್ಲ.

ಮೂರನೆಯವನು ಸಿಕ್ಕಿದ್ದು ಊರ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ. ಸುಮಾರು ನಲವತ್ತು ವಯಸ್ಸು, ಮಾತು ಕಮ್ಮಿ. ಕಾರನ್ನು ನೋಡಿ, "ಈ ಥರದ್ದು ನಾನು ಮಾಡಿಲ್ಲ ಮೇಡಂ. ಪುಸ್ತಕ ಇದ್ರೆ ಎರಡು ದಿನ ಕೊಡಿ, ಓದ್ಕತೀನಿ" ಎಂದ. ನನಗೆ ಗೊತ್ತಿಲ್ಲ ಎಂದು ಒಬ್ಬ ಗಂಡಸು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವತ್ತಿನಿಂದ ಅವನೇ ನಮ್ಮ ಮೆಕ್ಯಾನಿಕ್. ಅವನ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸಿದೆ.

ನಾವಿಬ್ಬರೂ ಸೇರಿ ಆ ಕಾರನ್ನು ಬಾಣಂತಿಯ ಹಾಗೆ ನೋಡಿಕೊಂಡೆವು. ಗೇರ್‌ಬಾಕ್ಸಿನ ಎಣ್ಣೆ ಜನ್ಮಕ್ಕೊಂದು ಸಲ ಹಾಕಿದರೆ ಸಾಕು ಎಂದಿದ್ದರು ಮಾರಿದವರು. ಬಿಚ್ಚಿ ನೋಡಿದರೆ ಕಾಫಿ ಡಿಕಾಕ್ಷನ್ನಿನ ಹಾಗಿತ್ತು, ಬದಲಾಯಿಸಿದೆವು. ಇಂಥ ಕಾರಿನಲ್ಲಿ ಬ್ರೇಕು ಒತ್ತಿದಾಗ ಮುಕ್ಕಾಲು ಪಾಲು ಕೆಲಸವನ್ನು ಮೋಟಾರೇ ಮಾಡಿ, ಆ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಹಾಗಾಗಿ ಬ್ರೇಕಿನ ಪ್ಯಾಡು ಸವೆಯುವುದಿಲ್ಲ, ಕೆಲಸವಿಲ್ಲದೆ ಕೂತು ತುಕ್ಕು ಹಿಡಿಯುತ್ತದೆ. ಆರು ತಿಂಗಳಿಗೊಮ್ಮೆ ಬಿಚ್ಚಿ, ಅದು ಜಾರುವ ಪಿನ್ನುಗಳಿಗೆ ಗ್ರೀಸು ಹಚ್ಚಬೇಕು. ಅರಕಲಗೂಡಿನ ದಾರಿಯಲ್ಲಿ ಶೆಟ್ಟಿಹಳ್ಳಿಗೆ ತಿರುಗುವ ಕಡೆ ನನ್ನ ಬ್ರೇಕಿಗೆ ಕೆಲಸ ಧಾರಾಳವಾಗಿ ಸಿಗುತ್ತಿತ್ತು ಅನ್ನಿ. ನೀರಿನಲ್ಲಿ ಮುಳುಗಿರುವ ಪಾಳು ಚರ್ಚಿನ ಮುಂದೆ ಮದುವೆಗೆ ಮುಂಚೆಯೇ ಮದುವೆಯ ಫೋಟೋ ತೆಗೆಸಿಕೊಳ್ಳಲು ಬರುವವರು, ತಿರುವು ಕಂಡೊಡನೆ ಇಂಡಿಕೇಟರ್ ಹಾಕದೆ ನಡುರಸ್ತೆಯಲ್ಲಿ ನಿಂತುಬಿಡುತ್ತಾರೆ. ಮೂಲಂಗಿ ಸೊಪ್ಪಿನಷ್ಟೂ ಬುದ್ಧಿಯಿಲ್ಲದ ಜನ.

ಒಂದು ಸಲ ಮಾತ್ರ ನಾನು ಊರವರ ಮಾತು ಕೇಳಿದೆ. ಇಲಿಗಳು ಬಾನೆಟ್ಟಿನೊಳಗೆ ಹೊಕ್ಕು ವೈರು ಕಡಿಯಲು ಶುರುಮಾಡಿದ್ದವು. ಅರಕಲಗೂಡಿನ ವಿದ್ಯಾರ್ಥಿಯೊಬ್ಬನ ತಂದೆ, ಹೊಗೆಸೊಪ್ಪು ಬೆಳೆಯುವವರು, ಬೆಂಕಿಯ ಕಾವಿನಲ್ಲಿ ಬೇಯಿಸಿದ ಎಲೆಯ ಒಂದು ಕಂತೆ ತಂದು, "ಇದ್ನ ಒಳಗಡೆ ಕಟ್ಟಿ ಮೇಡಂ, ಇಲಿ ಆ ದಿಕ್ಕಿಗೇ ಬರಾಕಿಲ್ಲ" ಎಂದರು. ಒಳಗೊಳಗೇ ನಕ್ಕು ಕಟ್ಟಿದೆ. ಇಲಿಗಳು ಹೋದವು. ಕಾರಿನಲ್ಲಿ ಕೂತವರೆಲ್ಲ ವಾರಗಟ್ಟಲೆ ಸೀನಿದರು, ಅದು ಬೇರೆ ಮಾತು.

ನನ್ನ ಗಂಡನಿಗೆ ಕಾರು ಕೊಡಲು ನನಗೆ ಇಷ್ಟವಿರಲಿಲ್ಲ. ಕೊಟ್ಟರೆ ಗೊರೂರಿನ ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಹಾಕಿ, ಪೆಟ್ರೋಲ್ ಉಳಿಸಿದೆನೆಂಬ ಖುಷಿಯಲ್ಲಿ ಸಂಗೀತ ಗುನುಗುತ್ತಿದ್ದರು. ಇಳಿಜಾರಿನಲ್ಲೇ ಈ ಕಾರು ಬ್ಯಾಟರಿ ತುಂಬಿಕೊಳ್ಳುವುದು, ನ್ಯೂಟ್ರಲ್ಲಿಗೆ ಹಾಕಿದರೆ ಏನೂ ತುಂಬುವುದಿಲ್ಲ, ನೀವು ಉಳಿಸುತ್ತಿಲ್ಲ ಚೆಲ್ಲುತ್ತಿದ್ದೀರಿ ಎಂದು ಎಷ್ಟು ಸಲ ಹೇಳಿದರೂ, "ನಮ್ಮಪ್ಪನ ಕಾಲದಿಂದ ಇಂಗೇ ಕಣೇ" ಎನ್ನುತ್ತಿದ್ದರು. ಅವರಪ್ಪನ ಕಾಲದಲ್ಲಿ ಅವರ ಮನೆಯಲ್ಲಿದ್ದದ್ದು ಎತ್ತಿನ ಗಾಡಿ. ಇದನ್ನು ನಾನು ನಾಲ್ಕು ಜನರ ಮುಂದೆ ಹೇಳಿ ನಗಿಸಿದ್ದುಂಟು. ನಾನು ಹೀಗೆ ಮಾತಾಡುವಾಗ ಅವರು ಎದುರಾಡುತ್ತಿರಲಿಲ್ಲ. ಎದುರಾಡಲು ಅವರ ಬಳಿ ಏನೂ ಇಲ್ಲ ಎಂದುಕೊಂಡಿದ್ದೆ.

ಇನ್ನು ಆ ದೊಡ್ಡ ಬ್ಯಾಟರಿಯ ವಿಷಯ. ಅದು ಇರುವುದು ಹಿಂದಿನ ಸೀಟಿನ ಬೆನ್ನಿಗೆ. ಕೆಲಸ ಮಾಡುವಾಗ ಅದಕ್ಕೆ ಸೆಕೆಯಾಗುತ್ತದೆ. ಹಿಂದಿನ ಸೀಟಿನ ಬಲಗಡೆಯ ಅಂಚಿನಲ್ಲಿ ಅಂಗೈಯಗಲದ ಒಂದು ಜಾಲರಿ ಇದೆ, ಅದರೊಳಗೊಂದು ಸಣ್ಣ ಫ್ಯಾನು. ಕಾರಿನೊಳಗಿನ ತಣ್ಣನೆ ಗಾಳಿಯನ್ನು ಎಳೆದುಕೊಂಡು ಬ್ಯಾಟರಿ ಬದುಕುವುದು ಆ ಜಾಲರಿಯ ಮೂಲಕ. ಅದು ಮುಚ್ಚಿಹೋದರೆ ಬ್ಯಾಟರಿ ಕಾದು, ಕಾರು ನಿಲ್ಲುತ್ತದೆ. ಹೆಚ್ಚು ಓಡಿದ ಕಾರಿನಲ್ಲಿ ಇದೇ ಮುಖ್ಯ. ಜಾಲರಿಯ ಹಿಂದಿನ ಫಿಲ್ಟರನ್ನು ಆರು ತಿಂಗಳಿಗೊಮ್ಮೆ ತೆಗೆದು ತೊಳೆಯಬೇಕು.

ಆ ಆಯುಧಪೂಜೆಗೆ ಭಾವ ನನ್ನ ಕಾರಿಗೆ ಉಡುಗೊರೆ ಕೊಟ್ಟರು. ಕಾರನ್ನು ಒಂದು ದಿನ ಕೇಳಿ ತೆಗೆದುಕೊಂಡು ಹೋಗಿ, ಚನ್ನರಾಯಪಟ್ಟಣದಲ್ಲಿ ದಪ್ಪ ರೆಕ್ಸಿನ್ನಿನ ಸೀಟು ಕವರು ಹಾಕಿಸಿ ತಂದರು. ಕಡು ಕೆಂಪು, ಅಂಚಿಗೆ ಹಳದಿ ಹೊಲಿಗೆ, ಬ್ಯಾಂಡ್‌ಸೆಟ್ಟಿನವರ ಕೋಟಿನ ಹಾಗೆ. ಜಾಲರಿಯನ್ನು ಅದರಡಿಯಲ್ಲಿ ಹೂತುಬಿಟ್ಟಿದ್ದರು. ಮನೆಗೆ ಬಂದವಳೇ ಕತ್ತರಿ ತಗೊಂಡು ಹಿಂದಿನ ಸೀಟಿನದನ್ನು ಪೂರಾ ಕಿತ್ತುಹಾಕಿದೆ. ಸುದ್ದಿ ಭಾವನ ಕಿವಿಗೆ ಬಿತ್ತು. "ನಾವ್ ಕೊಟ್ಟಿದ್ದು ಮೇಷ್ಟ್ರಮ್ಮಂಗೆ ಇಡಿಸ್ಲಿಲ್ಲ" ಎಂದರಂತೆ. ಹಿಡಿಸುವುದು ಬಿಡುವುದು ಆಮೇಲೆ, ಉಸಿರಾಡಲಿ ಮೊದಲು.

ಕಿತ್ತ ಮೇಲೆ ಸೀಟಿಗೆ ಏನಾದರೂ ಬೇಕಲ್ಲ. ನನ್ನ ಹಳೇ ಕಾಟನ್ ಸೀರೆಗಳನ್ನು ಮಡಿಚಿ ನಾನೇ ಕವರು ಹೊಲಿದೆ. ಬೆನ್ನಿಗೆ ಒಂದು, ಕೂರುವಲ್ಲಿಗೆ ಒಂದು, ಎರಡು ಅಂಚಿಗೆ ಎರಡು ಸಣ್ಣವು. ಬಲಗಡೆಯ ಅಂಚಿನದಕ್ಕೆ ಜಾಲರಿಯ ಅಳತೆ ತಗೊಂಡು ಕಿಟಕಿ ಕತ್ತರಿಸಿ, ಸುತ್ತ ಕಾಜಾ ಹೊಲಿಗೆ ಹಾಕಿದೆ. ನಮ್ಮ ಮೆಕ್ಯಾನಿಕ್ ನೋಡಿ, "ಕಂಪ್ನಿಯವ್ರೂ ಇಂಗ್ ಮಾಡಲ್ಲ ಮೇಡಂ" ಎಂದ. ಅವನು ಹೊಗಳಬೇಕಿರಲಿಲ್ಲ, ನನಗೆ ಗೊತ್ತಿತ್ತು.

ಏಪ್ರಿಲ್ ಬಂತು. ಕಾಲೇಜಿಗೆ ರಜೆ. ಕವರುಗಳನ್ನು ಬಿಚ್ಚಿ ಒಗೆದು, ಸೀರೆಗೆ ಹಾಕುವ ಹಾಗೆಯೇ ಅನ್ನದ ಗಂಜಿ ಹಾಕಿ, ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಹಾಕಿದೆ. ಹಪ್ಪಳದ ಹಾಗೆ ನೆಟ್ಟಗೆ ಕೂತಿತು. ಎರಡು ದಿನದ ನಂತರ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ನಾನು ಹಾಸನದಲ್ಲೇ ಕೂರಬೇಕಿತ್ತು. ದಂಡಿಗನಹಳ್ಳಿಯಲ್ಲಿ ಭಾವನ ಮಗಳ ಮದುವೆಯ ಓಡಾಟ ಶುರುವಾಗಿತ್ತು, ನನ್ನ ಗಂಡನ ಕಾರು ಬೇರೆ ಯಾರೋ ಒಯ್ದಿದ್ದರು. ಬೇರೆ ದಾರಿಯಿಲ್ಲದೆ ನನ್ನದನ್ನು ಕೊಟ್ಟೆ. ನ್ಯೂಟ್ರಲ್ಲಿನ ಬಗ್ಗೆ ಎರಡು ಸಲ ಎಚ್ಚರಿಸಿದೆ. ಸಂಜೆ ಅವರು ವಾಪಸು ಬಂದಾಗ ಮುಖ ಕೆಂಪಗೆ ಸುಟ್ಟಿತ್ತು. "ಬಿಸ್ಲು" ಎಂದು ಹೇಳಿ ಎರಡು ಚೊಂಬು ನೀರು ಕುಡಿದು ಮಲಗಿದರು.

ಏನಾಯಿತು ಎಂದು ನನಗೆ ತಿಳಿದದ್ದು ಮದುವೆಯ ನಂತರ ಭಾವನ ಮನೆಯಲ್ಲೇ ನಡೆದ ಬೀಗರೂಟದಲ್ಲಿ, ಭಾವನ ಬಾಯಿಂದ. ಪಂಕ್ತಿಯಲ್ಲಿ ಬೀಗರು, ನೆಂಟರು ಎಲ್ಲ ಕೂತಿದ್ದರು. ಭಾವ ಮಾಂಸದ ತುಂಡು ಕೈಯಲ್ಲಿ ಹಿಡಿದೇ ಕಥೆ ಶುರುಮಾಡಿದರು. "ನಮ್ಮ ತಮ್ಮ ನೋಡಿ. ಮೇಷ್ಟ್ರಮ್ಮನ ಕಾರ್ ತಗಂಡು ಬತ್ತಾ ಅವ್ನೆ. ಐವೇ ಪಕ್ಕ ಮಟಮಟ ಮದ್ಯಾನ್ದಲ್ಲಿ ನಿಂತವ್ನೆ. ಯಾರೋ ನೋಡಿ ನನ್ಗೆ ಪೋನ್ ಮಾಡಿದ್ರು. ಓಗಿ ನೋಡಿದ್ರೆ ಪೆಟ್ರೋಲ್ ಆಕ್ಸೋದ್ ಮರ್ತವ್ನೆ. ಯಾರೋ ಗ್ಯಾರೇಜ್‌ನೋನು ತಂದ್ಕೊಟ್ಟು ಪುಣ್ಯ ಕಟ್ಕಂಡ. ಬಿತ್ನೆ ಬೀಜ ಮಾರೋನ್ಗೆ ಗಾಡಿ ಕುಡಿಯೋದೇನು ಅಂತ ಗೊತ್ತಿಲ್ಲ." ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ನಿಂತಿತು ಎನ್ನುವ ಮಾತು ಮಾತ್ರ ನನ್ನ ಕಿವಿಗೆ ಬಿದ್ದಿತ್ತು. ಭಾವನೂ ಅದನ್ನೇ ಹಿಡಿದು, "ನಿಂತೋಯ್ತಲ್ಲ ಮೇಷ್ಟ್ರಮ್ಮಾ, ಕರಾರಿನ್ ಪ್ರಕಾರ ಮಾರ್ಬೇಕು" ಎಂದರು. ನಾನು ಬಿಡುತ್ತೇನೆಯೆ? ಎಲೆಯ ಮುಂದೆಯೇ ಪಾಠ ಶುರುಮಾಡಿದೆ. ಕೆಟ್ಟು ನಿಲ್ಲುವುದು ಬೇರೆ, ಪೆಟ್ರೋಲಿಲ್ಲದೆ ನಿಲ್ಲುವುದು ಬೇರೆ. ಡ್ಯಾಶ್‌ಬೋರ್ಡಿನಲ್ಲಿ ಮುಳ್ಳೊಂದಿದೆ. ಅದು ಎಡಕ್ಕೆ ಬಂದರೆ ಪೆಟ್ರೋಲ್ ಕಡಿಮೆ ಎಂದರ್ಥ, ಒಂದನೇ ಕ್ಲಾಸಿನ ಮಗುವಿಗೂ ಎಡ ಬಲ ಗೊತ್ತಿರುತ್ತದೆ. "ಕಾರು ಕೆಟ್ಟಿಲ್ಲ ಭಾವ, ಕೆಟ್ಟಿರುವುದು ಓಡಿಸಿದವರ ತಲೆ," ಎಂದೆ. ಬೀಗರ ಕಡೆಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನನ್ನ ಗಂಡ ತಲೆಯೆತ್ತಲಿಲ್ಲ. "ಹೌದು, ತಪ್ಪು ನನ್ದೇ" ಎಂದು ಮೂಳೆ ಚೀಪಿದರು.

ಅವರು ಕಾರು ಒಯ್ಯುವ ಹಿಂದಿನ ದಿನವಷ್ಟೇ ಟ್ಯಾಂಕು ತುಂಬಿಸಿದ್ದವಳು ನಾನು. ಹಾಸನದಿಂದ ದಂಡಿಗನಹಳ್ಳಿಗೆ ಎಷ್ಟು ಪೆಟ್ರೋಲ್ ಬೇಕು ಎಂದು ಲೆಕ್ಕ ಹಾಕಲು ಭೌತಶಾಸ್ತ್ರ ಬೇಕಿಲ್ಲ. ನಾನು ಆ ಲೆಕ್ಕ ಹಾಕಲೇ ಇಲ್ಲ. ಅವರ ದಡ್ಡತನವನ್ನು ನಂಬುವುದು ನನಗೆ ಅಷ್ಟು ಸಲೀಸಾಗಿತ್ತು.

ಆಷಾಢದ ಒಂದು ಬೆಳಿಗ್ಗೆ ಬೀರುವಿನ ಹಾಳೆ ನೋಡಿ, ಬ್ಯಾಟರಿಯ ಫಿಲ್ಟರು ತೊಳೆಯುವ ದಿನ ಬಂತೆಂದು ಕಾರಿನ ಹಿಂದಿನ ಸೀಟಿಗೆ ಹೋದೆ. ಆರು ತಿಂಗಳ ಧೂಳು ಅಂದರೆ ಎಷ್ಟಿರುತ್ತದೆ ಎಂದು ನನಗೆ ಗೊತ್ತು. ಹೊಳೆನರಸೀಪುರದ ದಾರಿಯಲ್ಲಿ ಮೊಸಳೆ ಎಂಬ ಊರು ದಾಟುವವರೆಗೆ ರಸ್ತೆ ಅಗೆದು ಹಾಕಿದ್ದರು, ಕೆಂಪು ಧೂಳು ಕಾರಿನೊಳಗೆಲ್ಲ ಕೂತಿತ್ತು. ಜಾಲರಿ ತೆಗೆದು ನೋಡಿದರೆ ಫಿಲ್ಟರು ಹೆಚ್ಚುಕಮ್ಮಿ ಹೊಸದರ ಹಾಗೆ. ಹೆಚ್ಚೆಂದರೆ ಎರಡು ತಿಂಗಳ ಧೂಳು. ನಡುವೆ ಯಾರೋ ತೊಳೆದಿದ್ದಾರೆ. ನನ್ನ ಕಾರನ್ನು ನನಗೆ ಹೇಳದೆ ಮುಟ್ಟಿದ್ದಾರೆ. ಬಲಗಡೆಯ ಸಣ್ಣ ಕವರನ್ನು ತೆಗೆದು ಕೈಯಲ್ಲಿ ಹಿಡಿದು ನೋಡಿದೆ. ಅದರ ಎಲಾಸ್ಟಿಕ್ಕಿಗೆ ನಾನು ಹಾಕುವ ಗಂಟು ಬೇರೆ, ಇದು ಗೋಣಿಚೀಲಕ್ಕೆ ಹಾಕುವ ಗಂಟು. ನಮ್ಮ ಮನೆಯಲ್ಲಿ ಗೋಣಿಚೀಲ ಕಟ್ಟುವವರು ಒಬ್ಬರೇ.

ನೇರ ಶೆಡ್ಡಿಗೆ ಹೋದೆ. ಮೆಕ್ಯಾನಿಕ್ ನನ್ನ ಮುಖ ನೋಡಿದವನೇ ಸ್ಪ್ಯಾನರ್ ಕೆಳಗಿಟ್ಟ.

"ಸಾರು ಏಳ್ಬೇಡ ಅಂದವ್ರೆ ಮೇಡಂ."

"ನಾನು ಹೇಳು ಅಂತಿದ್ದೀನಿ."

ಅವನು ಹೇಳಿದ. ಏಪ್ರಿಲಿನ ಆ ದಿನ ಡ್ಯಾಶ್‌ಬೋರ್ಡಿನ ಚೀಟಿ ನೋಡಿ ನನ್ನ ಗಂಡ ಅವನಿಗೆ ಫೋನು ಮಾಡಿದ್ದರು. ಕೆಂಪು ದೀಪ ಹತ್ತಿ, ಕಾರು ಬಲ ಕಳೆದುಕೊಂಡು ನಿಂತಿದೆ ಎಂದರು. ಇವನು ಬೈಕಿನಲ್ಲಿ ಹೋದ. ಟ್ಯಾಂಕಿನ ತುಂಬ ಪೆಟ್ರೋಲಿತ್ತು. ಬ್ಯಾಟರಿ ಕಾದು ಕೆಂಡವಾಗಿತ್ತು. ಹಿಂದಿನ ಸೀಟಿನ ಬಲಗಡೆ ನೋಡಿದರೆ ಜಾಲರಿಯ ಮೇಲೆ ಗಂಜಿ ಹಾಕಿದ ಕವರು ಸೆಟೆದು ಕೂತಿತ್ತು, ಗಾಳಿ ಹೋಗಲು ಒಂದು ಎಳೆಯಷ್ಟೂ ಸಂದಿಲ್ಲ. ಕಿಟಕಿ ಕತ್ತರಿಸಿದ್ದ ಕವರು ಎಡಗಡೆ ಇತ್ತು.

"ಒಗ್ದು ಆಕುವಾಗ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಆಗೋಗದೆ ಮೇಡಂ," ಎಂದ. ಅವನ ದನಿಯಲ್ಲಿ ಅಪಹಾಸ್ಯವಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಮೂರು ಗಂಟೆ ಬಾಗ್ಲು ತಗ್ದು ತಣ್ಣಗಾಗ್ಲಿ ಅಂತ ಬಿಟ್ವಿ. ಅಷ್ಟೂ ಒತ್ತು ಸಾರು ಬಿಸ್ಲಲ್ಲೇ ನಿಂತಿದ್ರು. ಪಿಲ್ಟರ್ ತೊಳ್ದಿದ್ದೂ ಅವ್ರೇ, ಕವರ್ ಬಿಚ್ಚಿ ಸರಿಯಾಗಿ ಆಕಿದ್ದೂ ಅವ್ರೇ. ಅಷ್ಟೊತ್ಗೆ ಅವ್ರಣ್ಣಾರು ಜೀಪಲ್ಲಿ ಬಂದ್ರು. ಪೆಟ್ರೋಲ್ ಮುಗ್ದಿತ್ತು, ಇವ್ರು ತಂದ್ಕೊಟ್ರು ಅಂದ್ಬುಟ್ರು ಸಾರು. ನಂಗೂ ಕಣ್ಸನ್ನೆ ಮಾಡಿದ್ರು."

ಎಡ ಬಲ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು ಎಂದವಳು ನಾನು. ಅಲ್ಲೇ ಶೆಡ್ಡಿನಲ್ಲಿದ್ದ ಹಳೇ ಟೈರಿನ ಮೇಲೆ ಕೂತೆ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಅವರ ಮೇಲೆಯೇ. ನನ್ನ ತಪ್ಪನ್ನು ನನ್ನಿಂದಲೇ ಬಚ್ಚಿಟ್ಟು, ನಾನು ಅಷ್ಟು ಜನರ ಮುಂದೆ ಹುಚ್ಚಿಯ ಹಾಗೆ ಮಾತಾಡಲು ಬಿಟ್ಟರಲ್ಲ ಎಂದು.

ಅಂಗಡಿಗೆ ಹೋದಾಗ ಅವರು ಜೋಳದ ಬೀಜದ ಚೀಲಗಳನ್ನು ಜೋಡಿಸಿಡುತ್ತಿದ್ದರು. ಗಿರಾಕಿಗಳಿರಲಿಲ್ಲ. ಸೀದಾ ಕೇಳಿದೆ.

"ಕಾರು ನಿಂತಿತ್ತು ಅಂತ ಯಾಕೆ ಹೇಳ್ಲಿಲ್ಲ?"

ಅವರು ಕೈಯ ಧೂಳು ಕೊಡವಿಕೊಂಡರು. "ಏಳಿದ್ರೆ ನೀನು ಮಾರ್ತಿದ್ದೆ."

"ಕರಾರು ಹಾಕಿದ್ದು ನೀವು."

"ಅಣ್ಣನ್ ಮುಂದೆ ಏನಾದ್ರೂ ಒಂದು ಅನ್ಬೇಕಿತ್ತು, ಅಂದೆ. ನೀನು ಅದನ್ನ ಅಷ್ಟು ಗಟ್ಟಿಯಾಗಿ ಇಡ್ಕತೀಯ ಅಂತ ಗೊತ್ತಿರ್ಲಿಲ್ಲ. ನಿಂತದೆ ಅಂದಿದ್ರೆ ಅವತ್ತೇ ನೀನು ಕೀ ತಂದು ಮೇಜಿನ ಮೇಲೆ ಬಿಸಾಕ್ತಿದ್ದೆ. ನಿನ್ನ ಜಂಬ ನಂಗೊತ್ತಿಲ್ವಾ." ಒಂದು ಚೀಲದ ಬಾಯಿ ಬಿಗಿದು, "ಆಮ್ಯಾಕೆ ದಿನಾ ಗೇಟ್ ತಾವ ನಿಂತ್ಕಂಡು ನನ್ ಕಡೆ ನೋಡ್ತಾ ಇರ್ತಿದ್ದೆ" ಎಂದರು.

ಮೂವತ್ತು ವರ್ಷ ಆ ಗೇಟಿನ ಬಳಿ ನಿಂತವಳನ್ನು ಅವರು ನೋಡಿಯೇ ಇಲ್ಲ ಎಂದು ನಾನು ತಿಳಿದಿದ್ದೆ.

"ಬೀಗರೂಟದಲ್ಲಿ ನಾನು ಅಷ್ಟು ಮಾತಾಡಿದಾಗಲಾದರೂ ಬಾಯಿಬಿಡಬಹುದಿತ್ತಲ್ಲ."

"ಅಲ್ಲಿ ಬಾಯಿಬಿಟ್ಟಿದ್ರೆ ನಗೋದು ನಿನ್ ಮೇಲೆ ತಿರುಗ್ತಿತ್ತು. ನನ್ ಮೇಲೆ ನಗೋದು ಅಣ್ಣಂಗೆ ಚಿಕ್ಕಂದಿಂದ ರೂಢಿ. ನಂಗೂ ರೂಢಿ." ಚೀಲವೊಂದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, "ನೀನು ತಡ್ಕಳಾಕಿಲ್ಲ" ಎಂದರು.

ಕಾರಿನ ಕೀಲಿ ಅವರ ಮುಂದೆ ಇಟ್ಟೆ. ಮಾತು ಮಾತೇ, ಮಾರಿ ಎಂದೆ. ಅವರು ಕೀಲಿಯನ್ನು ನನ್ನ ಬ್ಯಾಗಿನೊಳಗೆ ಹಾಕಿ ಜಿಪ್ಪು ಎಳೆದರು. "ಮಾತು ನನ್ದು, ವಾಪಸ್ ತಗಂಡೆ. ನಾಳೆ ನಿಂಗೆ ಕಾಲೇಜಿಲ್ವಾ?" ಎಂದು ಕೇಳಿ, ಬಂದ ಗಿರಾಕಿಯ ಕಡೆ ಹೋದರು.

ಆಷಾಢ ಕಳೆದ ಮೇಲೆ ಒಂದು ಭಾನುವಾರ ದಂಡಿಗನಹಳ್ಳಿಗೆ ಊಟಕ್ಕೆ ಕರೆದರು. ಹೊಸ ಅಳಿಯ, ಅವನ ತಂದೆ ತಾಯಿ ಬಂದಿದ್ದರು. ದಾರಿಯಲ್ಲಿ ನಾನು ತೀರ್ಮಾನ ಮಾಡಿಯಾಗಿತ್ತು. ನನ್ನ ಗಂಡನಿಗೆ ಹೇಳಲಿಲ್ಲ, ಹೇಳಿದ್ದರೆ ಬೇಡ ಎನ್ನುತ್ತಿದ್ದರು. ಮುದ್ದೆ ಬಡಿಸಿ, ಸಾರು ಬಿಡುವ ಹೊತ್ತಿಗೆ ಭಾವ ಅಳಿಯನ ಕಡೆ ತಿರುಗಿ, "ನಿಮ್ ಚಿಕ್ಕಮಾವನ ಗಾಡೀಲಿ ಎಲ್ಲಿಗಾದ್ರೂ ಓಗೋದಾದ್ರೆ ಒಂದ್ ಕ್ಯಾನ್ ಪೆಟ್ರೋಲ್ ಜೊತೇಲಿ ಇಟ್ಕಳಪ್ಪ" ಎಂದರು. ಎಲ್ಲರೂ ನಕ್ಕರು. ನನ್ನ ಗಂಡ ಎಂದಿನಂತೆ ತಲೆ ತಗ್ಗಿಸಿ ಮುದ್ದೆ ಮುರಿದರು.

"ಪೆಟ್ರೋಲ್ ಇತ್ತು ಭಾವ," ಎಂದೆ.

ಎಲ್ಲರೂ ನನ್ನ ಕಡೆ ನೋಡಿದರು. ಪಾಠ ಹೇಳುವ ದನಿಯಲ್ಲೇ ಹೇಳಿದೆ, ಬೇರೆ ದನಿ ನನಗೆ ಬರುವುದಿಲ್ಲ. ಟ್ಯಾಂಕು ತುಂಬಿತ್ತು. ಕವರಿಗೆ ಗಂಜಿ ಹಾಕಿದವಳು ನಾನು, ಎಡದ್ದನ್ನು ಬಲಕ್ಕೆ ಹಾಕಿದವಳೂ ನಾನು. ಬ್ಯಾಟರಿ ಕಾದು ಕಾರು ಕೆಟ್ಟು ನಿಂತಿತು. ಅವರು ನನ್ನ ಮರ್ಯಾದೆ ಉಳಿಸಲು ತಪ್ಪು ತಮ್ಮ ತಲೆಯ ಮೇಲೆ ಹಾಕಿಕೊಂಡರು. ಬೀಗರೂಟದಲ್ಲಿ ನಾನು ಆಡಿದ ಮಾತೆಲ್ಲ ತಪ್ಪು.

ಭಾವ ಹೊಟ್ಟೆ ಕುಣಿಸಿಕೊಂಡು ನಗತೊಡಗಿದರು.

"ನೋಡ್ಲಾ," ಎಂದು ತಮ್ಮನ ಬೆನ್ನಿಗೆ ಗುದ್ದಿದರು. "ಇಷ್ಟ್ ವರ್ಷಕ್ಕೆ ನಿನ್ ಎಂಡ್ತಿ ನಿನ್ ಪರವಾಗಿ ಒಂದು ಸುಳ್ಳೇಳವ್ಳೆ. ಪುಣ್ಯವಂತ ಕಣ್ಲಾ ನೀನು. ಮೇಷ್ಟ್ರಮ್ಮ ಕವರ್ ತಿರ್ಗಾಮುರ್ಗಾ ಆಕ್ತಾಳಂತೆ, ಯಾರ್ ನಂಬ್ತಾರೆ?"

ಯಾರೂ ನಂಬಲಿಲ್ಲ. ಅಳಿಯನ ತಾಯಿ, ಗಂಡನ ಮೇಲೆ ಎಷ್ಟು ಅಭಿಮಾನ ನೋಡಿ ಎಂದು ಪಕ್ಕದವರಿಗೆ ಹೇಳಿದರು. ದೇವರಾಣೆ ನಿಜ ಎಂದೆ, ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಮೆಕ್ಯಾನಿಕ್ಕನ್ನು ಬೇಕಾದರೆ ಕೇಳಿ ಎಂದೆ. "ಅವ್ನ್ಗೂ ಏಳ್ಕೊಟ್ಟಿದ್ದೀಯ ಬುಡು" ಎಂದರು ಭಾವ. ನನ್ನ ಗಂಡನೂ ಅವರೆಲ್ಲರ ಜೊತೆ ಸೇರಿ ನಗುತ್ತಿದ್ದರು.

"ಉಣ್ಣು, ಮುದ್ದೆ ಆರೋಯ್ತದೆ," ಎಂದು ನನ್ನ ಎಲೆಯ ಕಡೆ ಕೈ ತೋರಿಸಿದರು.

ನಾನು ನನ್ನ ಗಂಡನನ್ನು ತಲೆ ಕೆಟ್ಟವರು ಎಂದ ದಿನ ಇದೇ ಜನ ಇದೇ ಮನೆಯಲ್ಲಿ ನನ್ನಿಂದ ಒಂದು ಸಾಕ್ಷಿಯನ್ನೂ ಕೇಳಿರಲಿಲ್ಲ. ನಾನೂ ನನ್ನನ್ನೇ ಒಂದು ಸಾಕ್ಷಿ ಕೇಳಿಕೊಂಡಿರಲಿಲ್ಲ.